ಕಾಪಾಡಿದವರ ಮುಖ: ಭಾವಚಿತ್ರ, ವೀರಗಲ್ಲು ಮತ್ತು ಮೌಖಿಕ ನೆನಪು

ಕೇಡಿನ ಕಾಲದ ಚರಿತ್ರೆಯಲ್ಲಿ ಕೊಂದವರ ಹಾಗೂ ಸತ್ತವರ ಲೆಕ್ಕ ಉಳಿಯುತ್ತದೆ. ಕಾಪಾಡಿದವರ ಲೆಕ್ಕ ಉಳಿಯುವುದು ಅಪರೂಪ. ಈ ಕೊರತೆಯನ್ನು ತುಂಬಲು ನಡೆದ ಪ್ರಯತ್ನಗಳಲ್ಲಿ ಛಾಯಾಗ್ರಾಹಕಿ ಗೇ ಬ್ಲಾಕ್ ಮತ್ತು ಲೇಖಕಿ ಮಾಲ್ಕಾ ಡ್ರಕರ್ ಅವರ ‘ರೆಸ್ಕ್ಯೂಅರ್ಸ್’ (1992) ಮುಖ್ಯವಾದುದು. ನಾಜಿಗಳ ಕೈಯಿಂದ ಯಹೂದಿಯರನ್ನು ಉಳಿಸಿದ ನೂರಕ್ಕೂ ಹೆಚ್ಚು ಜನರನ್ನು ಇವರಿಬ್ಬರು ಸಂದರ್ಶಿಸಿದರು.

ಈ ವರ್ಣಚಿತ್ರಗಳಲ್ಲಿ ವೀರಾವೇಶವಿಲ್ಲ. ತಮ್ಮ ಮನೆಗಳಲ್ಲಿರುವ ವೃದ್ಧರು ನೋಡುಗನನ್ನು ನೇರವಾಗಿ ದಿಟ್ಟಿಸುತ್ತಾರೆ. ಮುಖದಲ್ಲಿ ಧೈರ್ಯದ ಗುರುತು ಹುಡುಕಿದರೆ ಸಿಗದು. ಅವರ ಮಾತನ್ನು ಓದಿದ ಮೇಲೆಯೇ ಚಿತ್ರಕ್ಕೆ ಅರ್ಥ ಬರುತ್ತದೆ. ಇದು ಛಾಯಾಚಿತ್ರದ ಮಿತಿಯೂ ಹೌದು, ಸತ್ಯವೂ ಹೌದು.

ಸಿಂಧನೂರು, ಲಿಂಗಸುಗೂರು, ಮಸ್ಕಿ ಪರಿಸರಕ್ಕೆ ಈ ಪ್ರಶ್ನೆ ದೂರದ್ದಲ್ಲ. ಅಂದಿನ ನಿಜಾಮ ಸಂಸ್ಥಾನದ ರಾಯಚೂರು ಜಿಲ್ಲೆಗೆ ಸೇರಿದ್ದ ಈ ನೆಲ ರಜಾಕಾರರ ಹಾವಳಿಯ ಕಾಲವನ್ನು ಕಂಡಿತು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ತರುವಾಯ ಸಂಸ್ಥಾನದ ಅನೇಕ ಕಡೆ ಮುಸಲ್ಮಾನರ ಮೇಲೆ ಹಿಂಸೆ ನಡೆಯಿತು. ಇದನ್ನು ಪರಿಶೀಲಿಸಿದ ಪಂಡಿತ ಸುಂದರಲಾಲ್ ಸಮಿತಿಯು ಪ್ರಾಣವನ್ನೇ ಒತ್ತೆಯಿಟ್ಟು ಮುಸಲ್ಮಾನ ನೆರೆಯವರನ್ನು ಉಳಿಸಿದ ಹಿಂದೂಗಳನ್ನು ಗುರುತಿಸಿದೆ. ಹಿಂದೂ ನೇಕಾರರು ಮುಸಲ್ಮಾನ ನೇಕಾರರಿಗೆ ಕಾವಲಾದುದನ್ನು ವಿಶೇಷವಾಗಿ ಹೇಳಿದೆ. ವಿಮೋಚನಾ ಚಳವಳಿಯ ಇತಿಹಾಸ ಗಡಿ ಶಿಬಿರಗಳ ಹೋರಾಟಗಾರರನ್ನು ದಾಖಲಿಸಿತು. ಬಾಗಿಲು ತೆರೆದು ಒಳಗೆ ಕರೆದವರಿಗೆ ಅಲ್ಲಿ ಸ್ಥಾನ ದೊರೆಯಲಿಲ್ಲ.

ನಮ್ಮ ಪರಂಪರೆಯಲ್ಲಿ ರಕ್ಷಕನಿಗೆ ರೂಪವೇ ಇಲ್ಲವೆಂದಲ್ಲ. ತುರುಗೋಳಿನಲ್ಲಿ, ಪೆಣ್ಬುಯ್ಯಲಿನಲ್ಲಿ ಮಡಿದವನಿಗೆ ವೀರಗಲ್ಲು ನಿಲ್ಲಿಸುವುದು ರೂಢಿ. ಆದರೆ ವೀರಗಲ್ಲು ಸಾವನ್ನು ಬೇಡುತ್ತದೆ. ಅಡಗಿಸಿಟ್ಟು, ಅನ್ನವಿಟ್ಟು, ತಾನೂ ಬದುಕುಳಿದವನಿಗೆ, ಅದರಲ್ಲೂ ಒಲೆಯ ಮುಂದಿನ ಹೆಣ್ಣುಮಗಳಿಗೆ ಕಲ್ಲಿಲ್ಲ. ಮುದಗಲ್ಲಿನ ಮೊಹರಂ ಎರಡೂ ಸಮುದಾಯಗಳನ್ನು ಕೂಡಿಸುತ್ತದೆ. ರಿವಾಯತ್ ಪದಗಳು ಕರ್ಬಲಾದ ದುಃಖವನ್ನು ಕನ್ನಡದಲ್ಲಿ ಹಾಡುತ್ತವೆ. ಅಲ್ಲಿಯೂ ಕೇಂದ್ರದಲ್ಲಿರುವುದು ಬಲಿದಾನವೇ. ಗೇ ಬ್ಲಾಕ್ ಅವರ ಚಿತ್ರಗಳ ಹೆಚ್ಚುಗಾರಿಕೆ ಇರುವುದು ಇಲ್ಲಿ: ಅವು ಬದುಕಿ ಮುಪ್ಪಾದ ರಕ್ಷಕರಿಗೆ ಸಂದ ಸ್ಮಾರಕಗಳು.

ಆದರೂ ಈ ಮಾದರಿಯನ್ನು ಹಾಗೆಯೇ ಇಲ್ಲಿಗೆ ತರಲಾಗದು. ಕಾಪಾಡಿದವನ ಹೆಸರು ಹೇಳಿದೊಡನೆ, ಯಾರಿಂದ ಕಾಪಾಡಿದನೆಂಬ ಪ್ರಶ್ನೆ ಏಳುತ್ತದೆ. ಉತ್ತರ ಅದೇ ಓಣಿಯಲ್ಲಿರಬಹುದು. ಯುರೋಪಿನಲ್ಲೂ ನೆರೆಯವರಿಗೆ ಅಂಜಿ ಎಷ್ಟೋ ರಕ್ಷಕರು ಯುದ್ಧಾನಂತರ ತಮ್ಮ ಕೆಲಸವನ್ನು ಮುಚ್ಚಿಟ್ಟರು. ಆದುದರಿಂದ ಹಳ್ಳಿಯ ಮೌನವನ್ನು ಮರೆವು ಎಂದು ತಿಳಿಯುವುದು ತಪ್ಪು. ಕೂಡಿ ಬಾಳುವುದಕ್ಕೆ ಊರು ಕಟ್ಟಿಕೊಂಡ ಕಟ್ಟುಪಾಡೂ ಅದಾಗಿರಬಹುದು. ಕ್ಷೇತ್ರಕಾರ್ಯ ಈ ಎಚ್ಚರದಿಂದ ನಡೆಯಬೇಕು.

1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನ ದೇವಾನಾಂಪ್ರಿಯನೆಂಬ ಬಿರುದಿನ ಹಿಂದಿದ್ದ ಅಶೋಕನ ಹೆಸರನ್ನು ಲೋಕಕ್ಕೆ ತಿಳಿಸಿತು. ಅರಸನ ಹೆಸರನ್ನು ಬಂಡೆ ಎರಡು ಸಾವಿರ ವರ್ಷ ಕಾಯಬಲ್ಲದು. 1948ನ್ನು ಕಂಡವರ ನೆನಪಿಗೆ ಅಂಥ ಆಯುಷ್ಯವಿಲ್ಲ. ಅವರಲ್ಲಿ ಉಳಿದಿರುವವರು ಇಂದು ಎಂಬತ್ತು ದಾಟಿದವರು. ಚಿತ್ರ ತೆಗೆಯುವುದು ಆಮೇಲಿನ ಮಾತು, ಮೊದಲು ಕೇಳಿಸಿಕೊಳ್ಳಬೇಕಾಗಿದೆ.