ಬೂದು ಬೀಗ

ಮದ್ದೂರಿನ ಪಕ್ಕದಲ್ಲಿ, ಶಿಂಷಾ ಹೊಳೆಯ ದಂಡೆಗೆ ವೈದ್ಯನಾಥಪುರ. ವೈದ್ಯನಾಥೇಶ್ವರನ ಗುಡಿಯಿಂದಾಗಿ ಹೊರಗಿನವರಿಗೂ ಪರಿಚಯವಿರುವ ಊರು. ಅಲ್ಲಿ ನನ್ನ ಅಕ್ಕನ ಮನೆ. ಕಳೆದ ಬೇಸಿಗೆ ರಜೆಯಲ್ಲಿ ಹೋದಾಗ ಎಂಟನೇ ಕ್ಲಾಸಿನ ಅಳಿಯ ಜಗಲಿಯ ಕಂಬಕ್ಕೆ ಒರಗಿ, ಮಡಚುವ ಪುಟ್ಟ ಪೆಟ್ಟಿಗೆಯೊಂದನ್ನು ಕೈಯಲ್ಲಿ ಹಿಡಿದು ಸಪ್ಪೆ ಮುಖ ಮಾಡಿಕೊಂಡು ಕೂತಿದ್ದ. ಅದು ನಿಂಟೆಂಡೊ ಕಂಪನಿಯ ಆಟದ ಪೆಟ್ಟಿಗೆ, ಡಿಎಸ್ ಲೈಟ್. ಸಂಕ್ರಾಂತಿಗೆ ಡಲ್ಲಾಸಿನಿಂದ ಬಂದಿದ್ದ ನನ್ನ ತಮ್ಮನ ಮಕ್ಕಳು ತಾವು ಆಡಿ ಬಿಟ್ಟ ಎರಡು ಡಿಎಸ್‌ಗಳನ್ನೂ ಮಾರಿಯೋ ಕಾರ್ಟ್ ಆಟದ ಒಂದೇ ಒಂದು ಕಾರ್ಡನ್ನೂ ಇವನಿಗೆ ಮತ್ತು ಇವನ ತಂಗಿಗೆ ಕೊಟ್ಟು ಹೋಗಿದ್ದರು.

"ಮಾವ, ಇದ್ರಲ್ಲಿ ವೈಫೈ ಐತೆ ಅಂತ ಬರ್ದವ್ರೆ. ಆದ್ರೆ ನಮ್ಮನೇಲಿ ಆಟನೇ ಸಿಗ್ತಾ ಇಲ್ಲ" ಅಂದ.

ಮೂರು ದಿನದಿಂದ ಹೆಣಗಾಡಿದ್ದನಂತೆ. ಪೆಟ್ಟಿಗೆ ಹುಡುಕಿದಾಗ ಮನೆಯ ವೈಫೈ ಹೆಸರು ಕಾಣುತ್ತದೆ, ಆದರೆ ಅದರ ಪಕ್ಕದಲ್ಲೊಂದು ಬೂದುಬಣ್ಣದ ಬೀಗ. ಒತ್ತಿದರೆ ಒಳಗೆ ಬಿಡುವುದಿಲ್ಲ. ಸರಿ ಅಂತ ಹೆಸರನ್ನು ಕೈಯಾರೆ ಬರೆದು, ಪಾಸ್‌ವರ್ಡ್ ಜಾಗದಲ್ಲಿ ಅಪ್ಪನ ಹತ್ತಂಕಿಯ ಮೊಬೈಲ್ ನಂಬರನ್ನು ಕೊಟ್ಟಿದ್ದಾನೆ. ನಮ್ಮ ಊರುಗಳಲ್ಲಿ ವೈಫೈ ಪಾಸ್‌ವರ್ಡ್ ಅಂದರೆ ಬಹುಪಾಲು ಅದೇ. ಅದಕ್ಕೂ ಸಿಕ್ಕಿದ್ದು ಐದಂಕಿಯ ಒಂದು ದೋಷಸಂಖ್ಯೆ. ಕೊನೆಗೆ ಅಕ್ಕ ಕೇಬಲ್ ಹುಡುಗನನ್ನು ಕರೆಸಿದ್ದಾಳೆ. ಅವನು ಬಂದು, "ಪಾಸ್‌ವರ್ಡ್ ತೆಗ್ದಾಕುದ್ರೆ ಸಿಗುತ್ತೆ ಬುಡಿ ಅಕ್ಕ" ಎಂದು ಹೇಳಿ, ಹಾಗೆಯೇ ಮಾಡಿ ಹೋಗಿದ್ದಾನೆ. ಒಂದು ಹಗಲು, ಒಂದು ರಾತ್ರಿ ಮನೆಯ ವೈಫೈ ಬೀದಿಗೆ ತೆರೆದುಕೊಂಡಿತ್ತು. ನಾನು ಹೋದ ಮೇಲೆ ಮಾಡಿದ ಮೊದಲ ಕೆಲಸ ಅದಕ್ಕೆ ಮತ್ತೆ ಬೀಗ ಹಾಕಿದ್ದು.

ಆಟಗಳ ವಿಮರ್ಶೆಯನ್ನು ಜನ ಬರೆಯುತ್ತಾರೆ. ಆಟದ ಪೆಟ್ಟಿಗೆಯನ್ನು ಮನೆಯ ವೈಫೈಗೆ ಸೇರಿಸುವ ಕ್ರಮವೂ ಯಾರೋ ಕೂತು ರೂಪಿಸಿದ ಕೃತಿಯೇ. ಅದರ ಗುಣದೋಷ ನೋಡಬೇಕು ಅಂತ ನನಗೆ ಅನ್ನಿಸಿದ್ದು ಆ ಬೂದು ಬೀಗವನ್ನು ಕಂಡಾಗ.

ವೈಫೈಗೆ ಮೊದಲು ಬಂದ ಬೀಗದ ಹೆಸರು ವೆಪ್. 1997ರ ಮೂಲ ಮಾನದಂಡದಲ್ಲೇ ಅದು ಇತ್ತು. 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು ಗೂಢಲಿಪಿ ತಜ್ಞರು ಅದರ ದೌರ್ಬಲ್ಯವನ್ನು ಬಿಡಿಸಿ ತೋರಿಸಿದರು. 2003ರಲ್ಲಿ ಡಬ್ಲ್ಯುಪಿಎ ಎಂಬ ಹೊಸ ಬೀಗ ಬಂತು, ಮರುವರ್ಷ ಇನ್ನೂ ಗಟ್ಟಿಯಾದ ಡಬ್ಲ್ಯುಪಿಎ2. ಡಿಎಸ್ ಮಾರುಕಟ್ಟೆಗೆ ಬಂದದ್ದು 2004ರ ನವೆಂಬರಿನಲ್ಲಿ. ಅಷ್ಟು ಹೊತ್ತಿಗೆ ವೆಪ್ ಮುರಿದು ಮೂರು ವರ್ಷ ಕಳೆದಿತ್ತು. ಆದರೂ ಡಿಎಸ್‌ಗೆ ಗೊತ್ತಿದ್ದದ್ದು ವೆಪ್ ಒಂದೇ. 2006ರಲ್ಲಿ ಬಂದ ಡಿಎಸ್ ಲೈಟಿಗೂ ಅಷ್ಟೇ. 2007ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಈ ಬೀಗವನ್ನು ಒಂದು ನಿಮಿಷದೊಳಗೆ ತೆಗೆಯಬಹುದು ಎಂದು ತೋರಿಸಿಕೊಟ್ಟರು. ಅಳಿಯ ಕಂಡ ಬೂದು ಬೀಗದ ಅರ್ಥ ಇಷ್ಟೇ: ನಿಮ್ಮ ಮನೆಯ ಬೀಗ ನನಗಿಂತ ಹೊಸದು, ಅದರ ಕೀಲಿ ನನ್ನಲ್ಲಿಲ್ಲ.

ಡಿಎಸ್ ಅಗ್ಗದ ಪೆಟ್ಟಿಗೆ, ಅದರ ಒಳಗಿರುವುದು ನಾಲ್ಕೇ ಮೆಗಾಬೈಟ್ ಮೆಮೊರಿ, ಹೊಸ ಬೀಗದ ಲೆಕ್ಕ ಅದಕ್ಕೆ ಭಾರ ಎಂಬ ವಾದವನ್ನು ಕೇಳಿದ್ದೇನೆ. ಆ ವಾದವನ್ನು ಪೂರ್ತಿ ಒಪ್ಪುವುದಕ್ಕೆ ಸೋನಿಯ ಪಿಎಸ್‌ಪಿ ಅಡ್ಡ ಬರುತ್ತದೆ. ಅದೂ 2004ರ ಕೊನೆಗೆ ಜಪಾನಿನಲ್ಲಿ ಬಂದದ್ದು, ಅದೂ ವೆಪ್ ಒಂದರಿಂದಲೇ ಶುರುಮಾಡಿದ್ದು. ಆದರೆ 2005ರಲ್ಲಿ ಬಂದ 2.00 ಆವೃತ್ತಿಯ ತಂತ್ರಾಂಶದಲ್ಲಿ ಸೋನಿ ಡಬ್ಲ್ಯುಪಿಎ ಸೇರಿಸಿತು. ಜನ ಕೊಂಡು ಮನೆಗೆ ಒಯ್ದ ಮೇಲೂ ಪೆಟ್ಟಿಗೆಗೆ ಹೊಸ ಕೀಲಿ ಕಲಿಸಿತು. ಡಿಎಸ್‌ನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ವೈಫೈ ಹೊಂದಿಸುವ ಪರದೆ ಪೆಟ್ಟಿಗೆಯ ಮೆನುವಿನಲ್ಲಿಲ್ಲ, ಇಂಟರ್ನೆಟ್ ಆಟವಿರುವ ಕಾರ್ಡುಗಳ ಒಳಗಿದೆ. ಆ ಕಾರ್ಡು ಹಾಕದೆ ಪೆಟ್ಟಿಗೆಯ ವೈಫೈ ಹೊಂದಿಸಲು ಆಗುವುದಿಲ್ಲ. ಅಚ್ಚಾದ ಕಾರ್ಡನ್ನು ತಿದ್ದುವುದು ಹೇಗೆ? ನನ್ನ ದೃಷ್ಟಿಯಲ್ಲಿ ಇದೇ ಇಡೀ ರಚನೆಯ ದೊಡ್ಡ ದೋಷ. 2008ರ ಡಿಎಸ್‌ಐನಲ್ಲಿ ಡಬ್ಲ್ಯುಪಿಎ ಬಂದರೂ, ಹಳೆಯ ಡಿಎಸ್ ಆಟಗಳು ಅದರಲ್ಲೂ ಹಳೆಯ ವೆಪ್ ಸಂಪರ್ಕವನ್ನೇ ಕೇಳುತ್ತಿದ್ದವು. 2011ರ 3ಡಿಎಸ್‌ನಲ್ಲೂ ಅದೇ ಕತೆ.

ಕಂಪನಿ ಮಾಡದೆ ಉಳಿಸಿದ ಕೆಲಸವನ್ನು ಕೊನೆಗೆ ಮನೆಯವರು ಮಾಡಿದರು, ಅದೂ ತಮ್ಮ ಬೀಗವನ್ನು ಕಳಚಿ. ಕೇಬಲ್ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಮಗುವಿನ ಮುಖ ನೋಡಿ ಅವನು ತನಗೆ ಗೊತ್ತಿದ್ದ ದಾರಿ ತೋರಿಸಿದ. ಆದರೆ ಬೀಗವಿಲ್ಲದ ವೈಫೈ ಎಂದರೇನು ಎಂಬುದನ್ನು ನಮ್ಮ ದೇಶ ಕಷ್ಟಪಟ್ಟು ಕಲಿತಿದೆ. 2008ರ ಜುಲೈನಲ್ಲಿ ಅಹಮದಾಬಾದಿನ ಸರಣಿ ಸ್ಫೋಟಕ್ಕೆ ಸ್ವಲ್ಪ ಮುಂಚೆ ಬಂದ ಬೆದರಿಕೆಯ ಇ-ಮೇಲ್ ಹೊರಟದ್ದು ನವಿ ಮುಂಬಯಿಯ ಮನೆಯೊಂದರ ರಕ್ಷಣೆಯಿಲ್ಲದ ವೈಫೈಯಿಂದ. ಮನೆಯಾತ ಪೊಲೀಸ್ ವಿಚಾರಣೆಗೆ ಸಿಕ್ಕಿ ನರಳಬೇಕಾಯಿತು. 2009ರ ಆರಂಭದಲ್ಲಿ ದೂರಸಂಪರ್ಕ ಇಲಾಖೆ, ಗ್ರಾಹಕರ ವೈಫೈ ಭದ್ರವಾಗಿರುವಂತೆ ನೋಡಿಕೊಳ್ಳಿ ಎಂದು ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಕೊಟ್ಟಿತು. ಫೋನಿನಲ್ಲಿ ಕಳಿಸುವ ದುಡ್ಡಿಗೆ ಅದರದೇ ಪ್ರತ್ಯೇಕ ರಕ್ಷಣೆ ಇರುತ್ತದೆ, ಅದು ಬೀದಿಗೆ ಬರುವುದಿಲ್ಲ. ಆದರೆ ಹಾದಿಹೋಕರು ಯಾರು ಏನು ಮಾಡಿದರೂ ದಾಖಲೆಯಲ್ಲಿ ಉಳಿಯುವುದು ಮನೆಯವರ ಸಂಪರ್ಕದ ವಿಳಾಸ. ಮೇಲಾಗಿ ಮನೆಗೆ ಇಂಟರ್ನೆಟ್ ತರುವ ಫೈಬರ್ ಪೆಟ್ಟಿಗೆಯ ಆಡಳಿತ ಪುಟಕ್ಕೆ ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡೇ ಎಷ್ಟೋ ಮನೆಗಳಲ್ಲಿ ಹಾಗೇ ಉಳಿದಿರುತ್ತದೆ. ಅಕ್ಕನ ಮನೆಯಲ್ಲೂ ಉಳಿದಿತ್ತು. ಒಳಗೆ ಬಂದವನು ಮನೆಯವರನ್ನೇ ಹೊರಗಿಟ್ಟು ಬೀಗ ಹಾಕಬಹುದಿತ್ತು.

ನನ್ನನ್ನು ಹೆಚ್ಚು ನೋಯಿಸಿದ ಸಂಗತಿ ಇನ್ನೊಂದಿದೆ. ಬೀಗ ಕಳಚಿದ ಆ ರಾತ್ರಿ ಡಿಎಸ್ ವೈಫೈಗೆ ಸೇರಿತ್ತು. ಸೇರಿದ ಮೇಲೂ ಆಟ ಸಿಗಲಿಲ್ಲ. ಯಾಕೆಂದರೆ 2005ರ ನವೆಂಬರಿನಲ್ಲಿ ಮಾರಿಯೋ ಕಾರ್ಟ್ ಡಿಎಸ್ ಜೊತೆಯಲ್ಲೇ ಶುರುವಾದ ನಿಂಟೆಂಡೊದ ಆ ಇಂಟರ್ನೆಟ್ ಸೇವೆ 2014ರ ಮೇ 20ರಂದು ಮುಚ್ಚಿಹೋಗಿದೆ. ಅಳಿಯನ ಕೈಗೆ ಈ ಪೆಟ್ಟಿಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಆ ಕಡೆಯ ಬಾಗಿಲು ಇಲ್ಲವಾಗಿತ್ತು. ಕಾರ್ಡಿಗೆ ಅದು ಗೊತ್ತಿಲ್ಲ. ಅದು ಇಂದಿಗೂ 'ಸಂಪರ್ಕಿಸು' ಎಂಬ ಗುಂಡಿಯನ್ನು ತೋರಿಸುತ್ತದೆ, ಮಗು ಒತ್ತುತ್ತದೆ, ತಪ್ಪು ತನ್ನದೇ ಅಂದುಕೊಳ್ಳುತ್ತದೆ. ಡಿಎನ್‌ಎಸ್ ಎಂಬ ದಾರಿ ತೋರುವ ವಿಳಾಸವನ್ನು ಬದಲಿಸಿ ಅಭಿಮಾನಿಗಳೇ ನಡೆಸುವ ವಿಮ್‌ಫಿ ಎಂಬ ಸರ್ವರಿಗೆ ಹೋಗುವ ದಾರಿಯುಂಟು. ಆ ಅಭಿಮಾನಿಗಳ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಅಲ್ಲಿಗೆ ಹೋಗುವುದಕ್ಕೂ ಡಿಎಸ್‌ಗೆ ಬೇಕಾದದ್ದು ವೆಪ್ ಅಥವಾ ಬೀಗವಿಲ್ಲದ ವೈಫೈಯೇ. ಹದಿಮೂರರ ಹುಡುಗನಿಗೆ ಮನೆಯ ವೈಫೈಯಲ್ಲಿ ಅದನ್ನು ಮಾಡು ಎಂದು ನಾನು ಹೇಳಲಾರೆ.

ತಮ್ಮನ ಮಗಳ ಕೈಯಲ್ಲಿದ್ದ ನಿಂಟೆಂಡೊದ ಸ್ವಿಚ್ ಲೈಟನ್ನೂ ಸಂಕ್ರಾಂತಿಯಲ್ಲಿ ನೋಡಿದ್ದೆ. 2019ರಲ್ಲಿ ಬಂದ ಪೆಟ್ಟಿಗೆ. ಮನೆಯ ವೈಫೈ ಹೆಸರು ಒತ್ತಿ, ಅಂಕಿ ಹಾಕಿ, ಅರ್ಧ ನಿಮಿಷದಲ್ಲಿ ಸೇರಿಕೊಂಡಳು. ಹದಿನೈದು ವರ್ಷದಲ್ಲಿ ಆದ ಸುಧಾರಣೆಯನ್ನು ಮನಸ್ಸು ಬಿಚ್ಚಿ ಹೊಗಳಬೇಕು: ಹೊಸ ಬೀಗ ಗೊತ್ತಿದೆ, 2.4 ಗಿಗಾಹರ್ಟ್ಸ್ ಜೊತೆಗೆ 5 ಗಿಗಾಹರ್ಟ್ಸ್ ಅಲೆಯೂ ಗೊತ್ತಿದೆ, ಹೊಂದಿಸುವ ಪರದೆ ಪೆಟ್ಟಿಗೆಯ ಮೆನುವಿನಲ್ಲೇ ಇದೆ. ಆದರೆ ಗೆಳತಿಯರ ಜೊತೆ ಆಡಲು ಹೋದಾಗ ಎರಡು ಸಲಕ್ಕೊಮ್ಮೆ ಸಂಪರ್ಕ ಕಡಿಯಿತು. ಪರೀಕ್ಷೆ ಮಾಡಿದರೆ 'ನ್ಯಾಟ್ ಟೈಪ್ ಡಿ' ಎಂದು ಬಂತು.

ನ್ಯಾಟ್ ಅಂದರೇನು ಎಂಬುದನ್ನು ವಠಾರದ ಉಪಮೆಯಿಂದ ಹೇಳಿದರೆ ಸುಲಭ. ಇಡೀ ವಠಾರಕ್ಕೆ ಬೀದಿಯ ಕಡೆ ಒಂದೇ ಬಾಗಿಲ ನಂಬರು. ಒಳಗಿನವರು ಕಾಗದ ಬರೆದರೆ ಉತ್ತರ ಹುಡುಕಿಕೊಂಡು ಬರುತ್ತದೆ. ಹೊರಗಿನವರು ತಾವಾಗಿ ಬರೆದರೆ ಯಾವ ಮನೆಗೆ ಅಂತ ಗೊತ್ತಾಗದೆ ವಾಪಸು ಹೋಗುತ್ತದೆ. ವಿಳಾಸಗಳ ಕೊರತೆಯಿಂದ ನಮ್ಮ ಅನೇಕ ಇಂಟರ್ನೆಟ್ ಕಂಪನಿಗಳು ನೂರಾರು ಮನೆಗಳನ್ನು ಹೀಗೆ ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ. ಸಿನಿಮಾ ನೋಡುವುದಕ್ಕೆ, ವಾಟ್ಸಾಪಿಗೆ ಇದರಿಂದ ತೊಂದರೆಯಿಲ್ಲ. ಆಟದ ಪೆಟ್ಟಿಗೆಗಳು ಒಂದನ್ನೊಂದು ನೇರವಾಗಿ ಹುಡುಕುವಾಗ ಮಾತ್ರ ತೊಡಕು. ಇದಕ್ಕೆ ನಿಂಟೆಂಡೊದ ಸಹಾಯ ಪುಟ ಕೊಟ್ಟಿದ್ದ ಸಲಹೆ ನೋಡಿ: ರೂಟರಿನಲ್ಲಿ ಯುಡಿಪಿ ಪೋರ್ಟುಗಳನ್ನು 1ರಿಂದ 65535ರ ವರೆಗೆ ಸ್ವಿಚ್ಚಿನ ಕಡೆಗೆ ತೆರೆದುಬಿಡಿ. ಅಂದರೆ ಇರುವ ಕಿಟಕಿಗಳನ್ನೆಲ್ಲ. ವಠಾರದ ದೊಡ್ಡ ಬಾಗಿಲು ಇಂಟರ್ನೆಟ್ ಕಂಪನಿಯ ಕೈಯಲ್ಲಿರುವಾಗ ಒಳಗಿನ ಕಿಟಕಿ ತೆರೆದು ಪ್ರಯೋಜನವೂ ಇಲ್ಲ. ಡಿಎಸ್ ಕಾಲದ ಚಾಳಿಯೇ ಇಲ್ಲಿ ಮುಂದುವರಿದಿದೆ. ಆಟ ನಡೆಯದಿದ್ದರೆ ಮನೆಯನ್ನು ಸಡಿಲ ಮಾಡಿ, ಅಷ್ಟೇ ಅವರ ಪರಿಹಾರ.

ಭಾಷೆಯ ಮಾತನ್ನೂ ಬಿಡುವಂತಿಲ್ಲ. ಡಿಎಸ್‌ನಲ್ಲಿ ಆಗಲಿ, ಪಿಎಸ್‌ಪಿಯಲ್ಲಿ ಆಗಲಿ, ಸ್ವಿಚ್ಚಿನಲ್ಲಿ ಆಗಲಿ ಕನ್ನಡವಿಲ್ಲ. ಬೂದು ಬೀಗ ಯಾಕೆ ಬೂದು ಎಂಬುದನ್ನು ಮಗುವಿಗೆ ಅದರ ಮಾತಿನಲ್ಲಿ ಹೇಳುವ ಒಂದು ಸಾಲೂ ಇಲ್ಲ. ಸ್ವಿಚ್ಚನ್ನು ಕಂಪನಿ ನಮ್ಮಲ್ಲಿ ಅಧಿಕೃತವಾಗಿ ಮಾರಿದ್ದೂ ಇಲ್ಲ. ಅದು ಬೆಂಗಳೂರಿನ ಅಂಗಡಿಗಳಿಗೆ ಆಮದಾಗಿ ಬರುತ್ತದೆ, ಇಲ್ಲವೇ ಹೀಗೆ ನೆಂಟರ ಸೂಟ್‌ಕೇಸಿನಲ್ಲಿ ಬರುತ್ತದೆ.

ಇನ್ನು ಮನೆಯ ಗೋಡೆ. ಕೇಬಲ್ ತಂತಿ ಎಲ್ಲಿ ಒಳಗೆ ಬರುತ್ತದೋ ಅಲ್ಲೇ, ಟೀವಿ ಪಕ್ಕ, ಫೈಬರ್ ಪೆಟ್ಟಿಗೆಯನ್ನು ಹೊಡೆದು ಹೋಗುತ್ತಾರೆ. ಹಳೇ ಮನೆಯ ಮಣ್ಣುಗೋಡೆ ಮೊಳದಷ್ಟು ದಪ್ಪ. 5 ಗಿಗಾಹರ್ಟ್ಸ್ ಅಲೆ ವೇಗದ್ದು, ಆದರೆ ಗೋಡೆ ದಾಟುವಷ್ಟರಲ್ಲಿ ಸೋಲುತ್ತದೆ. ಹಿಂದಿನ ಕೋಣೆಗೆ 2.4ರದೇ ಗತಿ. ಪಿಎಸ್‌ಪಿ, ಸೋನಿಯದೇ ವೀಟಾ, 3ಡಿಎಸ್ ಮೂರಕ್ಕೂ ಗೊತ್ತಿರುವುದು ಅದೊಂದೇ. ಎರಡೂ ಅಲೆಗೆ ಒಂದೇ ಹೆಸರಿಟ್ಟಿರುವ ಕಡೆ ಹಳೆಯ ಪೆಟ್ಟಿಗೆಗಳು ಕೆಲವೊಮ್ಮೆ ತಡಕಾಡುತ್ತವೆ. ಬೇರೆ ಬೇರೆ ಹೆಸರಿಟ್ಟರೆ ತೊಂದರೆ ತಪ್ಪುತ್ತದೆ.

ಆಮೇಲೆ ಕರೆಂಟು. ಮಳವಳ್ಳಿ ತಾಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಯವರೆಗೆ ಹೋಯಿತು. ಮಳವಳ್ಳಿ, ಮದ್ದೂರು ಎರಡೂ ಸೇರಿದ ಆ ಜಿಲ್ಲೆಯ ಹಳ್ಳಿಗಳಲ್ಲಿ ಇವತ್ತಿಗೂ ಸಂಜೆಮಳೆ ಬಂದರೆ ದೀಪ ಹೋಗುತ್ತದೆ, ಅದರ ಜೊತೆಗೆ ಫೈಬರ್ ಪೆಟ್ಟಿಗೆಯೂ ಸತ್ತು ಮಲಗುತ್ತದೆ.

ನಾನಿದ್ದ ಎರಡನೇ ದಿನ ಹಾಗೇ ಆಯಿತು. ಮೋಡ ಕವಿದು ಗಾಳಿ ಎದ್ದು ಕರೆಂಟು ಹೋಯಿತು. ಆ ಕತ್ತಲಲ್ಲಿ ಈ ಪೆಟ್ಟಿಗೆಯ ದೊಡ್ಡ ಗುಣ ನನಗೆ ಕಾಣಿಸಿತು. ಡಿಎಸ್‌ಗಳು ರೂಟರಿನ ಹಂಗಿಲ್ಲದೆ ಒಂದರ ಜೊತೆ ಒಂದು ನೇರವಾಗಿ ಮಾತಾಡಬಲ್ಲವು. ಎಷ್ಟೋ ಆಟಗಳಲ್ಲಿ ಒಬ್ಬರ ಬಳಿ ಕಾರ್ಡಿದ್ದರೆ ಸಾಕು, ಸುತ್ತ ಕೂತವರ ಪೆಟ್ಟಿಗೆಗಳಿಗೆ ಆಟ ಗಾಳಿಯಲ್ಲೇ ಇಳಿಯುತ್ತದೆ. ಮಾರಿಯೋ ಕಾರ್ಟ್ ಡಿಎಸ್‌ನಲ್ಲಿ ಒಂದೇ ಕಾರ್ಡಿನಿಂದ ಎಂಟು ಮಂದಿ ಆಡಬಹುದು. ಪಾಸ್‌ವರ್ಡ್ ಬೇಡ, ಫೈಬರ್ ಬೇಡ, 2014ರಲ್ಲಿ ಮುಚ್ಚಿದ ಸರ್ವರ್ ಬೇಡ. ಕಾರ್ಡಿಲ್ಲದವರಿಗೆ ಸಿಗುವುದು ಶೈ ಗೈ ಎಂಬ ಮುಖವಾಡದ ಗೊಂಬೆ ಮಾತ್ರ. ಅದಕ್ಕೆ ಅಳಿಯನ ತಂಗಿ ಅವತ್ತು, "ನಂಗ್ಯಾವಾಗ್ಲೂ ಇದೇ ಬರ್ತದೆ" ಎಂದು ಜಗಳ ತೆಗೆದು, ಎರಡೇ ಸುತ್ತಿಗೆ ಅಣ್ಣನನ್ನು ಸೋಲಿಸಿ ಸುಮ್ಮನಾದಳು. ಹುಡುಗ ಮೂರು ದಿನ ಹುಡುಕಿದ್ದು ಜೊತೆಗೆ ಆಡುವ ಒಬ್ಬರನ್ನು. ಜೊತೆಗಾತಿ ಅದೇ ಜಗಲಿಯಲ್ಲಿದ್ದಳು, ಅವಳ ಕೈಯಲ್ಲಿ ಎರಡನೇ ಪೆಟ್ಟಿಗೆಯೂ ಇತ್ತು. ಆದರೆ ರಟ್ಟಿನ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಕಂಡದ್ದು ವೈಫೈ ಎಂಬ ಮಾತು, ಅವನು ಅದರ ಬೆನ್ನು ಹತ್ತಿದ್ದ.

ಆಮೇಲೆ ಅವರಿಗೆ ಪಿಕ್ಟೊಚಾಟ್ ತೋರಿಸಿದೆ. ಕಾರ್ಡೇ ಇಲ್ಲದೆ ನಡೆಯುವ, ಕಡ್ಡಿಯಿಂದ ಗೀಚಿ ಕಳಿಸುವ ಪುಟ್ಟ ಹರಟೆಕಟ್ಟೆ ಅದು. ನಾಲ್ಕು ಕೋಣೆ, ಒಂದೊಂದರಲ್ಲಿ ಹದಿನಾರು ಜನರವರೆಗೆ ಸೇರಬಹುದು. ಅದರ ಕೀಲಿಮಣೆಯಲ್ಲಿ ಕನ್ನಡವಿಲ್ಲ, ಆದರೆ ಗೀಚುವುದಕ್ಕೆ ಕೀಲಿಮಣೆ ಯಾಕೆ? ಹುಡುಗಿ ದನದ ಕೊಟ್ಟಿಗೆಯ ಕಡೆಯಿಂದ "ಅಜ್ಜಿ ಊಟಕ್ ಕರೀತಾವ್ಳೆ" ಎಂದು ದುಂಡಗೆ ಬರೆದು ಕಳಿಸಿದಳು. ಕನ್ನಡ ಬಾರದ ಪೆಟ್ಟಿಗೆ ಕನ್ನಡವನ್ನು ಚಾಚೂ ತಪ್ಪದೆ ಜಗಲಿಗೆ ಮುಟ್ಟಿಸಿತು. ಈ ಯಂತ್ರ ಕಟ್ಟಿದವರು ಮಕ್ಕಳನ್ನು ಚೆನ್ನಾಗಿ ಬಲ್ಲವರು ಅಂತ ನನಗೆ ಅನ್ನಿಸಿದ್ದು ಆಗ. ಮನೆಗಳನ್ನೂ ಅಷ್ಟೇ ಬಲ್ಲವರಾಗಿದ್ದರೆ ಬೀಗದ ವಿಷಯದಲ್ಲಿ ಹೀಗೆ ಕೈಬಿಡುತ್ತಿರಲಿಲ್ಲ.

ಹೊರಡುವ ಮುಂಚೆ ಕೇಬಲ್ ಹುಡುಗನನ್ನು ಮತ್ತೆ ಕರೆಸಿ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮೂರು ಕೆಲಸ ಮಾಡಿದೆ. ಆಡಳಿತ ಪುಟದ ಪಾಸ್‌ವರ್ಡ್ ಬದಲಿಸಿದೆ. ಮನೆಯ ವೈಫೈಗೆ ಮೊಬೈಲ್ ನಂಬರನ್ನು ಬಿಟ್ಟು ಬೇರೆ ಉದ್ದನೆಯ ಪಾಸ್‌ವರ್ಡ್ ಇಟ್ಟೆ. ಆಮೇಲೆ ಅದೇ ಪೆಟ್ಟಿಗೆಯಲ್ಲಿದ್ದ ಅತಿಥಿ ವೈಫೈಯನ್ನು ಹೊತ್ತಿಸಿ, 2.4ರಲ್ಲಿಟ್ಟು, ಅದಕ್ಕೆ ಡಬ್ಲ್ಯುಪಿಎ2 ಬೀಗ ಹಾಕಿ, 'ಜಗಲಿ' ಎಂದು ಹೆಸರಿಟ್ಟೆ. ಅದಕ್ಕೆ ಸೇರಿದವರಿಗೆ ಇಂಟರ್ನೆಟ್ ಸಿಗುತ್ತದೆ, ಮನೆಯ ಫೋನು, ಟೀವಿ, ಕಂಪ್ಯೂಟರುಗಳ ಕಡೆ ಸುಳಿಯಲಾಗುವುದಿಲ್ಲ. ಮುಂದಿನ ಸಂಕ್ರಾಂತಿಗೆ ಡಲ್ಲಾಸಿನ ಸ್ವಿಚ್ ಬಂದರೆ ಅದು ಕೂರಬೇಕಾದ ಜಾಗ ಅದು.

"ಹಿಂಗೂ ಮಾಡ್ಬೋದಾ ಸಾರ್? ನಮ್ಗೆ ಯಾರೂ ಹೇಳ್ಕೊಟ್ಟಿರ್ನಿಲ್ಲ" ಅಂದ ಹುಡುಗ. ಸಂಜೆಯೊಳಗೆ ಇನ್ನೆರಡು ಮನೆಗೆ ಹಾಗೇ ಮಾಡಿ ಬಂದನಂತೆ. ಜಗಲಿಯ ಪಾಸ್‌ವರ್ಡನ್ನು ಅಕ್ಕ ಚೀಟಿಯಲ್ಲಿ ಬರೆದು ಗೋಡೆ ಕ್ಯಾಲೆಂಡರಿನ ಹಿಂದೆ ಅಂಟಿಸಿದ್ದಾಳೆ.