ಕೇಳುವವರಿಲ್ಲದ ಮಾತು

ನಾಟಕ ಶಾಲೆಗೆ ವಿಡಿಯೊ ಕಳಿಸಬೇಕು ಎಂದ ಕೂಡಲೇ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಫೋನಿನದು. ಯಾರ ಫೋನಿನಲ್ಲಿ ತೆಗೆಯುವುದು? ರಿಂಗ್ ಲೈಟ್ ತರಿಸಬೇಕೆ? ಹಿಂದೆ ಬಿಳಿ ಗೋಡೆ ಸಾಕೆ, ಕಪ್ಪು ಪರದೆ ಕಟ್ಟಬೇಕೆ? ಒಂದು ಗಂಟೆಗೆ ಸ್ಟುಡಿಯೊ ಬಾಡಿಗೆಗೆ ಹಿಡಿದರೆ ಹೇಗೆ? ಹುಡುಗ ಯಾವ ಮಾತನ್ನು ಆಡುತ್ತಾನೆ, ಯಾರಿಗೆ ಆಡುತ್ತಾನೆ ಎಂಬ ಪ್ರಶ್ನೆ ಕೊನೆಗೆ ಬರುತ್ತದೆ. ಎಷ್ಟೋ ಸಲ ಬರುವುದೇ ಇಲ್ಲ. ಚಿತ್ರ ಚೆನ್ನಾಗಿ ಬಂದರೆ ಅರ್ಧ ಗೆದ್ದಂತೆ ಎಂಬುದು ಈಗ ಎಲ್ಲರೂ ಒಪ್ಪಿಕೊಂಡ ಮಾತು. ಆ ಮಾತು ತಪ್ಪು, ಮಕ್ಕಳನ್ನು ದಾರಿ ತಪ್ಪಿಸುವಷ್ಟು ತಪ್ಪು ಎಂದು ವಾದಿಸಲು ಈ ಲೇಖನ ಬರೆಯುತ್ತಿದ್ದೇನೆ.

ಕೋವಿಡ್ ಬಂದ ಮೇಲೆ ಇಂಗ್ಲೆಂಡಿನ ಅನೇಕ ನಾಟಕ ಶಾಲೆಗಳು ಆಯ್ಕೆಯ ಮೊದಲ ಸುತ್ತನ್ನು ವಿಡಿಯೊದಲ್ಲೇ ನಡೆಸತೊಡಗಿದವು. ನಮ್ಮಲ್ಲಿ ಸಿನಿಮಾ, ಧಾರಾವಾಹಿಗೆ ನಟರನ್ನು ಹುಡುಕುವವರಂತೂ ಮೊದಲು ವಿಡಿಯೊ ಕಳಿಸಿ ಎನ್ನುತ್ತಾರೆ. ಕೇಳುವುದು ಸಾಮಾನ್ಯವಾಗಿ ಇಷ್ಟೇ: ಹೆಸರು, ಊರು ಹೇಳಿ, ಎದೆಯಿಂದ ಮೇಲಿನ ಭಾಗ ಕಾಣುವಂತೆ ನಿಂತು ಒಂದೆರಡು ನಿಮಿಷ ಸಂಭಾಷಣೆ ಒಪ್ಪಿಸಿ, ಹಿನ್ನೆಲೆ ಖಾಲಿಯಿರಲಿ, ಸಂಕಲನ ಬೇಡ, ಹಿನ್ನೆಲೆ ಸಂಗೀತ ಬೇಡ. ಈ ಷರತ್ತುಗಳನ್ನು ಗಮನವಿಟ್ಟು ಓದಿ. ಎಲ್ಲವೂ ಅಲಂಕಾರವನ್ನು ಕಳೆಯಿರಿ ಎನ್ನುವ ಷರತ್ತುಗಳು. ಮುಖ ಕಾಣಲಿ, ಮಾತು ಕೇಳಲಿ ಎಂದಷ್ಟೇ ಅವರು ಕೇಳುತ್ತಿದ್ದಾರೆ. ನಾವು ಮಾತ್ರ ಅದನ್ನು ಸಿನಿಮಾ ತೆಗೆಯುವ ಪರೀಕ್ಷೆಯೆಂದು ಓದಿಕೊಂಡಿದ್ದೇವೆ.

ಪಶ್ಚಿಮ ಬೆಂಗಳೂರಿಗೆ ಇದು ದೂರದ ಸಂಗತಿಯಲ್ಲ. ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ ಜ್ಞಾನಭಾರತಿಯ ಪಕ್ಕ, ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿದೆ. ಬಸವೇಶ್ವರನಗರದಲ್ಲಿ ಕೆಇಎ ಪ್ರಭಾತ್ ರಂಗಮಂದಿರವಿದೆ. ವಿಜಯನಗರದಲ್ಲಿ ಮಕ್ಕಳಿಗೆ ರಂಗಶಿಕ್ಷಣ ಕೊಡುವ ವಿಜಯನಗರ ಬಿಂಬವಿದೆ. ಬೇಸಿಗೆ ಶಿಬಿರದಲ್ಲಿ ಬಣ್ಣ ಹಚ್ಚಿಕೊಂಡ ಮಕ್ಕಳಲ್ಲಿ ಒಬ್ಬಿಬ್ಬರು ಮುಂದೆ ಹೆಗ್ಗೋಡಿನ ನೀನಾಸಂನ ಕನಸು ಕಾಣುತ್ತಾರೆ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಕನಸು ಕಾಣುತ್ತಾರೆ. ಇವರಿಗೆ ನಾವು ಹೇಳಿಕೊಡುವ ಮೊದಲ ಪಾಠವೇ ಬೆಳಕು, ಪರದೆ, ಫೋನು ಆದರೆ ನಾಟಕದ ಮೂಲವನ್ನೇ ಮುಚ್ಚಿಟ್ಟ ಹಾಗೆ.

ನಮ್ಮ ಬೀದಿಯ ಹುಡುಗಿಯೊಬ್ಬಳು ಹೀಗೇ ವಿಡಿಯೊ ಮಾಡಿಕೊಂಡು ತಂದು ತೋರಿಸಿದಳು. ಬೆಳಕು ಒಪ್ಪವಾಗಿತ್ತು, ಮಾತು ತಪ್ಪಿಲ್ಲದೆ ಬಾಯಿಪಾಠವಾಗಿತ್ತು. ಆದರೂ ನೋಡಿ ಮುಗಿಸಿದಾಗ ನನ್ನೊಳಗೆ ಏನೂ ಉಳಿಯಲಿಲ್ಲ. "ಯಾರ ಹತ್ತಿರ ಮಾತಾಡ್ತಿದ್ದೀಯಮ್ಮ?" ಎಂದು ಕೇಳಿದೆ. "ಯಾರೂ ಇರ್ಲಿಲ್ಲ ಸರ್, ಬಾಗಿಲು ಹಾಕ್ಕೊಂಡು ಒಬ್ಬಳೇ ಮಾಡ್ದೆ" ಎಂದಳು. ಮಾರನೆಯ ದಿನ ಅವಳ ಅಜ್ಜಿಯನ್ನು ಫೋನಿನ ಹಿಂದೆ ಕೂರಿಸಿದೆವು. ಅಜ್ಜಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಮೂರನೆಯ ಸಾಲಿಗೆ ಅವರ ಕೈ ನಿಂತಿತು. ಆ ಕೈ ನಿಂತದ್ದನ್ನು ಹುಡುಗಿ ಕಂಡಳು. ಅವಳ ದನಿ ಅಲ್ಲಿಂದ ಬೇರೆಯೇ ಆಯಿತು. ಮುಂದಿನ ಮಾತಿಗೆ ಮೊದಲು ಒಂದು ಕ್ಷಣ ತಡೆದಳು. ಆ ತಡೆ ಯಾರೂ ಹೇಳಿಕೊಟ್ಟದ್ದಲ್ಲ. ಕೇಳುವವರಿದ್ದರು, ಅದಕ್ಕೇ ಅದು ಹುಟ್ಟಿತು.

ನನ್ನ ವಾದ ಇಷ್ಟೇ. ವಿಡಿಯೊ ಆಡಿಷನ್‌ನಲ್ಲಿ ನಿಜವಾಗಿ ಕಾಣೆಯಾಗಿರುವುದು ಎದುರಿಗಿದ್ದು ಕೇಳುವ ಮನುಷ್ಯ. ಆ ಮನುಷ್ಯನನ್ನು ವಾಪಸು ತಂದು ಕೂರಿಸುವುದೇ ಇದರ ತಯಾರಿ. ಉಳಿದದ್ದೆಲ್ಲ ಅರ್ಧ ಗಂಟೆಯ ಕೆಲಸ.

ಇದಕ್ಕೆ ಪುರಾವೆ ಬೇಕೆಂದರೆ ಕ್ಯಾಮೆರಾದ ಪುಸ್ತಕಗಳನ್ನು ಬಿಟ್ಟು ನಮ್ಮ ತಾಳಮದ್ದಳೆಯನ್ನು ನೋಡಿ. ಕಾಸರಗೋಡಿನಿಂದ ಉತ್ತರ ಕನ್ನಡದವರೆಗೆ ಹಬ್ಬಿರುವ ಈ ಕಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬಣ್ಣವಿಲ್ಲ. ಪಂಚೆ, ಶಾಲು ತೊಟ್ಟ ಅರ್ಥಧಾರಿ ಕೂತಲ್ಲೇ ಕೂತು ಮಾತಾಡುತ್ತಾನೆ. ಸಭೆಗೆ ಕಾಣುವುದು ಹೆಚ್ಚುಕಡಿಮೆ ಇಂದಿನ ಫೋನಿನ ಚೌಕಟ್ಟಿಗೆ ಬರುವಷ್ಟೇ ಮೈ: ಎದೆ, ಕೈ, ಮುಖ. ಅಷ್ಟರಲ್ಲೇ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯನ್ನು, ರಾವಣನನ್ನು ಕಣ್ಣೆದುರು ನಿಲ್ಲಿಸಿದರು. ಅವರ ಮುಂದೆ ದೀಪದ ವಿನ್ಯಾಸ ಇರಲಿಲ್ಲ, ಎದುರು ಅರ್ಥಧಾರಿ ಇದ್ದ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ. ರಾಮನ ಪಾತ್ರಧಾರಿ ಏನು ಉತ್ತರಿಸುತ್ತಾನೆ ಎಂಬುದರ ಮೇಲೆ ವಾಲಿಯ ಮುಂದಿನ ಮಾತು ನಿಂತಿರುತ್ತದೆ. ಕೇಳಿಸಿಕೊಳ್ಳಲು ಬಾರದವನು ಅಲ್ಲಿ ಅರ್ಥ ಹೇಳಲಾರ. ಎರಡು ನಿಮಿಷದ ವಿಡಿಯೊಗೆ ಇದಕ್ಕಿಂತ ಹತ್ತಿರದ ಮಾದರಿ ನನಗೆ ಕಂಡಿಲ್ಲ. ಆದರೂ ನಟನೆಯ ತರಬೇತಿಯ ಮಾತು ಬಂದಾಗ ನಾವು ತಾಳಮದ್ದಳೆಯ ಹೆಸರೆತ್ತುವುದು ಅಪರೂಪ.

ಎರಡನೆಯ ಸಾಕ್ಷಿ ಬೆಂಗಳೂರಿನದೇ. ಆಕಾಶವಾಣಿ ಈರಣ್ಣ ಎಂದೇ ಹೆಸರಾದ ಎ.ಎಸ್. ಮೂರ್ತಿ ಅವರನ್ನು ಮುಖ ನೋಡಿ ಗುರುತಿಸಿದವರಿಗಿಂತ ದನಿ ಕೇಳಿ ಗುರುತಿಸಿದವರೇ ಹೆಚ್ಚು. ರೇಡಿಯೊದಲ್ಲಿ ಹಳ್ಳಿಯ ಕಟ್ಟೆಯನ್ನೂ ಪೇಟೆಯ ಮನೆಯನ್ನೂ ಬರೀ ಮಾತಿನಿಂದ ಕಟ್ಟಬೇಕಿತ್ತು. ಅದೇ ಮನುಷ್ಯ ಮುಂದೆ ಅಭಿನಯ ತರಂಗವೆಂಬ ಭಾನುವಾರದ ನಾಟಕ ಶಾಲೆಯನ್ನು ಕಟ್ಟಿದರು. ಮಾತನ್ನು ನಂಬಿ ಬಂದವರೊಬ್ಬರು ಈ ಊರಿಗೆ ನಾಟಕದ ಶಾಲೆ ಕೊಟ್ಟರು ಎಂಬುದನ್ನು ನಾವು ಮರೆಯಬಾರದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ರಂಗದ ದನಿ ಕ್ಯಾಮೆರಾಗೆ ದೊಡ್ಡದಾಯಿತು, ನಾಟಕದವರು ಫೋನಿನ ಮುಂದೆ ಕೂಗುತ್ತಾರೆ, ಆದ್ದರಿಂದ ಎಲ್ಲವನ್ನೂ ತಗ್ಗಿಸಿ ಎಂದು ಹೇಳುವವರಿದ್ದಾರೆ. ಕೂಗುತ್ತಾರೆ ಎಂಬ ದೂರು ನಿಜ. ಅದಕ್ಕೆ ಕೊಡುವ ಮದ್ದು ಸರಿಯಿಲ್ಲ. ರಾಜಾಜಿನಗರದ ದೊಡ್ಡ ರಸ್ತೆಗೆ ಯಾರ ಹೆಸರಿದೆ ನೋಡಿ. ಡಾ. ರಾಜ್‌ಕುಮಾರ್ ಬಂದದ್ದು ಗುಬ್ಬಿ ವೀರಣ್ಣನವರ ಕಂಪನಿಯಿಂದ. 1954ರಲ್ಲಿ 'ಬೇಡರ ಕಣ್ಣಪ್ಪ' ಚಿತ್ರದಲ್ಲಿ ಕ್ಯಾಮೆರಾ ಮುಂದೆ ನಿಂತಾಗ ಅವರ ಜೊತೆಗಿದ್ದ ಬಂಡವಾಳ ಕಂಪನಿ ನಾಟಕದ ಉಚ್ಚಾರ, ಉಸಿರು, ಎದುರಿನ ಪಾತ್ರಕ್ಕೆ ಮಾತು ದಾಟಿಸುವ ಅಭ್ಯಾಸ. ಅದನ್ನು ಅವರು ಕಳೆದುಕೊಳ್ಳಲಿಲ್ಲ. ಮುಂದಿನ ದಶಕಗಳಲ್ಲಿ ಮೆಲುದನಿಯ ಪಾತ್ರಗಳಲ್ಲಿ ಕೂಡ ಅವರ ಒಂದಕ್ಷರ ನುಂಗಿಹೋಗಲಿಲ್ಲ. ಮಾತು ಎಷ್ಟು ದೂರ ಹೋಗಬೇಕು ಎಂಬುದನ್ನು ಕೇಳುವವರು ಕೂತ ಜಾಗ ತೀರ್ಮಾನಿಸುತ್ತದೆ. ಕೊನೆಯ ಸಾಲಿನ ಪ್ರೇಕ್ಷಕನಿಗೆ ಆಡಿದರೆ ದನಿ ಅಲ್ಲಿಗೆ ಹೋಗುತ್ತದೆ. ನಾಲ್ಕು ಅಡಿ ಆಚೆ ಅಜ್ಜಿ ಕೂತಿದ್ದರೆ ಅಜ್ಜಿಗೆ ಸಾಕಾಗುವಷ್ಟೇ ಬರುತ್ತದೆ. ತಗ್ಗಿಸು ಎಂದು ಹೇಳಿ ಹೇಳಿ ಮಕ್ಕಳ ಮಾತಿನ ಜೀವ ತೆಗೆಯುವ ಬದಲು ಒಬ್ಬರನ್ನು ಹತ್ತಿರ ಕೂರಿಸಿ.

ಕಿವಿಯನ್ನು ಮುಂದಿಟ್ಟುಕೊಂಡರೆ ತಾಂತ್ರಿಕ ಸಂಗತಿಗಳೂ ಸರಿಯಾದ ಜಾಗಕ್ಕೆ ಬಂದು ಕೂರುತ್ತವೆ. ಬಯಲಿನಲ್ಲಿ ಮೈಕಿನಿಂದ ದೂರ ಎರಡು ಪಟ್ಟಾದರೆ ಅದಕ್ಕೆ ತಲುಪುವ ದನಿಯ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಕೋಣೆಯಲ್ಲಾದರೆ ನೇರ ದನಿ ತಗ್ಗಿದಷ್ಟೂ ಗೋಡೆಯ ಮರುದನಿ ಎದ್ದು ಕೇಳುತ್ತದೆ. ಆದ್ದರಿಂದ ಫೋನು ಮೂರು ನಾಲ್ಕು ಅಡಿಯಲ್ಲಿರಲಿ. ಖಾಲಿ ಗೋಡೆಯ ಹಜಾರಕ್ಕಿಂತ ಹಾಸಿಗೆ, ಬಟ್ಟೆಯ ಬೀರು ಇರುವ ಮಲಗುವ ಕೋಣೆ ಮೇಲು. ಬಟ್ಟೆ ಮರುದನಿಯನ್ನು ಹೀರುತ್ತದೆ. ಫ್ಯಾನು ನಿಲ್ಲಿಸಿ. ಅನೇಕ ಫೋನುಗಳು ಜೋರು ದನಿಯನ್ನು ತಾವೇ ತಗ್ಗಿಸಿ ಮೆಲುದನಿಯನ್ನು ತಾವೇ ಏರಿಸುತ್ತವೆ. ಅಂದರೆ ಕೂಗಾಟದಿಂದ ಗಳಿಸಬೇಕೆಂದುಕೊಂಡ ಪರಿಣಾಮವನ್ನು ಯಂತ್ರವೇ ಸಮ ಮಾಡಿಬಿಡುತ್ತದೆ. ಉಳಿಯುವುದು ಪದದ ಮೇಲಿನ ಒತ್ತು, ನಿಲುಗಡೆ, ಉಸಿರು. ಇವು ಮೂರೂ ಕೇಳುಗನಿಂದ ಹುಟ್ಟುವಂಥವು. ಕೇಳುವವರು ಲೆನ್ಸಿನ ಪಕ್ಕಕ್ಕೆ, ಫೋನಿಗಿಂತ ತುಸು ಹಿಂದೆ ಕೂರಲಿ. ಎದುರಿನ ಪಾತ್ರದ ಸಾಲನ್ನು ಓದುವುದಾದರೆ ಮೆಲ್ಲಗೆ ಓದಲಿ. ಬೆಳಕಿಗೆ ಬೆಳಗಿನ ಕಿಟಕಿ ಸಾಕು, ಮುಖ ಕಿಟಕಿಯ ಕಡೆಗಿರಲಿ. ಫೋನಿನ ಪಾಠ ಇಲ್ಲಿಗೆ ಮುಗಿಯಿತು.

ವಿಡಿಯೊ ಆಡಿಷನ್ ಎಲ್ಲರಿಗೂ ಸಮಾನ ಅವಕಾಶ ಕೊಟ್ಟಿದೆ ಎಂಬ ಮಾತನ್ನೂ ನಾನು ಪೂರ್ತಿ ಒಪ್ಪಲಾರೆ. ಪ್ರಯಾಣದ ಖರ್ಚು ಉಳಿಯಿತು, ನಿಜ. ಬೀದರಿನ ಹುಡುಗಿಗೆ ಅದು ಸಣ್ಣ ಮಾತಲ್ಲ. ಆದರೆ ಈಗ ದುಬಾರಿಯಾಗಿರುವುದು ನಿಶ್ಶಬ್ದ. ಐದು ಜನರಿರುವ ಎರಡು ಕೋಣೆಯ ಮನೆಯಲ್ಲಿ, ಕಾರ್ಡ್ ರಸ್ತೆಯ ಹಾರನ್ನು, ಮೆಟ್ರೊ ಹಾದುಹೋಗುವ ಸದ್ದು, ಕುಕ್ಕರಿನ ಸೀಟಿ, ಸೊಪ್ಪಿನವರ ಕೂಗಿನ ನಡುವೆ ಎರಡು ನಿಮಿಷದ ಮೌನ ಸಿಗುವುದು ಬೆಳಗಿನ ಐದಕ್ಕೋ ರಾತ್ರಿ ಹನ್ನೊಂದಕ್ಕೋ. ಸ್ವಂತ ಕೋಣೆಯಿರುವ ಮಗುವಿನ ವಿಡಿಯೊವನ್ನೂ ಇಂಥ ಮನೆಯ ವಿಡಿಯೊವನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಈ ವ್ಯತ್ಯಾಸವನ್ನು ತಿಳಿದಿರಬೇಕು. ಹಿನ್ನೆಲೆಯಲ್ಲಿ ಕುಕ್ಕರ್ ಕೂಗಿತೆಂದು ನಟನೆ ಕೆಡುವುದಿಲ್ಲ. ಕಂಪನಿ ನಾಟಕದ ನಟರು ಜಾತ್ರೆಯ ಗದ್ದಲದ ನಡುವೆಯೇ ಮಾತು ದಾಟಿಸಿದವರು.

ಎಷ್ಟು ಸಲ ಬೇಕಾದರೂ ತೆಗೆಯಬಹುದು ಎಂಬುದನ್ನು ದೊಡ್ಡ ವರವೆಂದು ಹೇಳುತ್ತಾರೆ. ನಾನು ಕಂಡ ಮಟ್ಟಿಗೆ ಅದು ಹೊರೆ. ನಲವತ್ತನೆಯ ಸಲಕ್ಕೆ ಮಾತು ಹಳಸಿರುತ್ತದೆ. ಮಗು ಹಿಂದಿನ ಸಲ ಎಲ್ಲಿ ಚೆನ್ನಾಗಿ ಬಂದಿತ್ತೋ ಅದನ್ನು ನಕಲು ಮಾಡುತ್ತಿರುತ್ತದೆ. ದಿನಕ್ಕೆ ಮೂರು ಸಲ ಸಾಕು. ನಾಲ್ಕನೆಯದು ನಾಳೆಗೆ, ಸಾಧ್ಯವಾದರೆ ಬೇರೆ ಕೇಳುಗರ ಮುಂದೆ.

ಮಾತಿನ ಆಯ್ಕೆಯಲ್ಲೂ ಇದೇ ಅಳತೆ ನಡೆಯಲಿ. ಒಬ್ಬರೇ ಮಾಡಬೇಕಲ್ಲ ಎಂದು ಮಕ್ಕಳು ಸ್ವಗತವನ್ನೇ ಹುಡುಕುತ್ತಾರೆ. ಅದರಲ್ಲೂ ಗಿರೀಶ ಕಾರ್ನಾಡರ 'ತುಘಲಕ್' ಎಲ್ಲರ ಕೈಗೂ ಮೊದಲು ಸಿಗುತ್ತದೆ. 18 ವರ್ಷದವರ ಮೈಮೇಲೆ ಆ ಸುಲ್ತಾನನ ದಣಿವು ಕೂರುವುದು ಕಷ್ಟ. ಇನ್ನೊಬ್ಬರಿಂದ ಏನನ್ನಾದರೂ ಪಡೆಯಲೇಬೇಕಾದ ಮಾತನ್ನು ಆರಿಸಿ: ಕ್ಷಮೆ, ಸಾಲ, ಅಪ್ಪಣೆ, ಉತ್ತರ. ಜೊತೆಗೆ ನಿಮ್ಮ ಮನೆಯ ಕನ್ನಡವನ್ನು ಒರೆಸಿ ಹಾಕಬೇಡಿ. ಕೆಂಗೇರಿಯ ಹುಡುಗನ ಬಾಯಲ್ಲಿ ಮಂಡ್ಯ, ರಾಮನಗರದ ಎಳೆ ಇರಬಹುದು, ವಿಜಯನಗರದ ಬಾಡಿಗೆ ಮನೆಯ ಹುಡುಗಿಯ ಬಾಯಲ್ಲಿ ಹುಬ್ಬಳ್ಳಿಯ ಮಾತಿರಬಹುದು. ಬೆಂಗಳೂರಿನ ಮನೆಗಳಲ್ಲಿ ಆಡುವ ಮಾತನ್ನೇ ಟಿ.ಪಿ. ಕೈಲಾಸಂ ರಂಗಕ್ಕೆ ತಂದರು, ಕನ್ನಡ ನಾಟಕ ಅದರಿಂದ ಬೆಳೆಯಿತು. ಆಡಿಷನ್‌ಗೆಂದು ಎಲ್ಲರೂ ವಾರ್ತೆ ಓದುವವರ ಕನ್ನಡಕ್ಕೆ ಇಳಿದರೆ ನೂರು ವಿಡಿಯೊಗಳಲ್ಲಿ ಒಂದೇ ದನಿ ಕೇಳುತ್ತದೆ.

ಶಾಲೆ ಹುಡುಕುವುದು ಕಲಿಯಬಲ್ಲವರನ್ನು, ಕಲಿತು ಮುಗಿಸಿದವರನ್ನು ಅಲ್ಲ. ನೀನಾಸಂ 1980ರಲ್ಲಿ ಹೆಗ್ಗೋಡಿನಂಥ ಹಳ್ಳಿಯಲ್ಲಿ ರಂಗಶಿಕ್ಷಣ ಕೇಂದ್ರ ತೆರೆದದ್ದು ಆ ನಂಬಿಕೆಯಿಂದಲೇ. ನಟ ಮುಖ್ಯವಾಗಿ ಕಲಿಯುವುದು ಇನ್ನೊಬ್ಬರ ಜೊತೆ ಇರುವುದನ್ನು. ಆ ಗುಣದ ಒಂದು ಎಳೆ ಎರಡು ನಿಮಿಷದಲ್ಲಿ ಕಂಡರೆ ಆರಿಸುವವರಿಗೆ ಅಷ್ಟು ಸಾಕು. ಬಾಡಿಗೆ ಸ್ಟುಡಿಯೊದಲ್ಲಿ ನುಣುಪಾಗಿ ತೆಗೆದ ವಿಡಿಯೊದಲ್ಲಿ ಹೆಚ್ಚಾಗಿ ಕಾಣುವುದು ಹಣ, ಇಲ್ಲವೇ ತರಬೇತುದಾರ.

ಆದ್ದರಿಂದ ಆರಿಸುವವರಲ್ಲಿ ನನ್ನದೊಂದು ಕೋರಿಕೆ: ಮೊದಲ ಸಲ ಪರದೆಯಿಂದ ಕಣ್ಣು ತೆಗೆದು ಬರೀ ಕೇಳಿ, ಆಮೇಲೆ ನೋಡಿ. ಮನೆಯವರಲ್ಲಿ ಇನ್ನೊಂದು: ಮಗು ಬಾಗಿಲು ಹಾಕಿಕೊಂಡು ಗೋಡೆಗೆ ಮಾತಾಡುತ್ತಿದ್ದರೆ ಬಾಗಿಲು ತಟ್ಟಿ. ರಿಂಗ್ ಲೈಟ್ ಆಮೇಲೆ ಕೊಡಿಸಬಹುದು. ಟಿವಿ ಆರಿಸಿ, ಒಲೆ ಸಣ್ಣ ಮಾಡಿ, ಎದುರಿಗೆ ಹೋಗಿ ಕೂತು ಎರಡು ನಿಮಿಷ ಕೇಳಿ.