ಹುಲ್ಲು ಯಾರ ಸೂರಿನ ಮೇಲೆ

ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಹುಲ್ಲು ಹೊದಿಸಿದ ಸೂರು ಈಗ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ಎರಡು ಕಡೆ. ಒಂದು, ಕಾಡಂಚಿನ ಆದಿವಾಸಿ ಹಾಡಿಗಳಲ್ಲಿ. ಅಲ್ಲೂ ಹುಲ್ಲಿನ ಮೇಲೊಂದು ನೀಲಿ ಟಾರ್ಪಾಲು ಎಳೆದಿರುತ್ತದೆ. ಇನ್ನೊಂದು, ಕಬಿನಿ ಹಿನ್ನೀರಿನ ದಂಡೆಯ ರೆಸಾರ್ಟಿನಲ್ಲಿ. ಮೊದಲನೆಯದಕ್ಕೆ ಸರ್ಕಾರದ ಕಡತದಲ್ಲಿ ‘ಕಚ್ಚಾ ಮನೆ’ ಎಂದು ಹೆಸರು. ಎರಡನೆಯದನ್ನು ‘ಹಟ್’ ಎನ್ನುತ್ತಾರೆ. ಒಂದೇ ಸೂರಿಗೆ ಈ ಎರಡು ಹೆಸರು ಬಂದ ಬಗೆಯನ್ನು ನೋಡಿದರೆ ಈ ಸೀಮೆಯ ಕಟ್ಟಡಗಳ ಕಥೆ ಅರ್ಧ ತಿಳಿದ ಹಾಗೆ.

ಈ ಹಾಡಿಗಳ ಜೇನುಕುರುಬರ ಗುಡಿಸಲಿನಿಂದಲೇ ಶುರುಮಾಡೋಣ. ನೆಲಕ್ಕೆ ನೆಟ್ಟ ಕವೆಗಂಬ, ಅದರ ಮೇಲೆ ಬಿದಿರಿನ ಅಡ್ಡೆ, ಸೀಳಿದ ಬಿದಿರು ಹೆಣೆದ ತಡಿಕೆ, ತಡಿಕೆಗೆ ಮೆತ್ತಿದ ಮಣ್ಣು, ಮೇಲೆ ಕಾಡುಹುಲ್ಲು. ಕಿಟಕಿ ಇಲ್ಲ, ಇದ್ದರೂ ಬೆಳಕಿಂಡಿಯಷ್ಟೇ. ಸೂರು ಎಷ್ಟು ತಗ್ಗಿಗೆ ಇಳಿದಿರುತ್ತದೆಂದರೆ ತಲೆ ಬಗ್ಗಿಸದೆ ಒಳಗೆ ಕಾಲಿಡುವಂತಿಲ್ಲ. ಇದನ್ನು ಬಡತನದ ಲಕ್ಷಣವೆಂದು ಓದುವವರು ಆಷಾಢದ ಜಡಿಮಳೆಯಲ್ಲಿ ಬಂದು ನೋಡಬೇಕು. ಇಳಿಬಿದ್ದ ಸೂರು ಇಲ್ಲದಿದ್ದರೆ ಮಣ್ಣಿನ ಗೋಡೆ ಒಂದು ಮಳೆಗಾಲವನ್ನೂ ದಾಟುವುದಿಲ್ಲ. ಒಳಗಿನ ಒಲೆ ಅಡುಗೆಗಷ್ಟೇ ಅಲ್ಲ. ಅದರ ಹೊಗೆ ಹುಲ್ಲಿನ ಸಂದಿನಲ್ಲಿ ನುಸುಳಿ ಹೊರಗೆ ಹೋಗುತ್ತದೆ. ಹೋಗುವಾಗ ಬಿದಿರನ್ನು ಒಣಗಿಸುತ್ತದೆ, ಹುಳುವನ್ನು ದೂರ ಇಡುತ್ತದೆ, ಹುಲ್ಲಿಗೆ ಮಸಿಯ ಲೇಪ ಕೊಡುತ್ತದೆ. ಒಲೆ ಆರಿದ ಗುಡಿಸಲು ಬೇಗ ಕೊಳೆಯುತ್ತದೆ. ಮನೆಯಲ್ಲಿ ಜನ ಬದುಕುವುದರಿಂದಲೇ ಮನೆಯೂ ಉಳಿಯುವ ಇಂಥ ಏರ್ಪಾಡು ತಾರಸಿಯಲ್ಲಿ ಸಿಗುವುದಿಲ್ಲ.

ಹೀಗೆಂದು ಗುಡಿಸಲಿಗೆ ಮಂಗಳಾರತಿ ಎತ್ತಲು ನಾನು ತಯಾರಿಲ್ಲ. ಹುಲ್ಲು ಸೋರುತ್ತದೆ, ಬೆಂಕಿ ಹತ್ತಿದರೆ ಕ್ಷಣದಲ್ಲಿ ಬೂದಿ, ಆನೆ ಬಂದರೆ ತಡಿಕೆ ಯಾವ ಲೆಕ್ಕ. ಹೊಗೆ ಬಿದಿರಿಗೆ ಒಳ್ಳೆಯದು, ಹೆಂಗಸರ ಕಣ್ಣಿಗೂ ಎದೆಗೂ ಅಲ್ಲ. ಹಾಡಿಯವರನ್ನು ಕೇಳಿ ನೋಡಿ, ಬಹಳ ಮಂದಿ ಕೇಳುವುದು ತಾರಸಿ ಮನೆಯನ್ನೇ. ಕೇಳುವುದು ಸರಿಯೇ. ಆದರೆ ಅವರು ಗುಡಿಸಲು ಬಿಟ್ಟದ್ದು ಸಿಮೆಂಟಿನ ಮೇಲಿನ ಮೋಹದಿಂದಲೇ ಎನ್ನಲಾಗದು. 1972ರ ವನ್ಯಜೀವಿ ಕಾಯ್ದೆ ಬಂದು ಇಲ್ಲಿನ ನಾಗರಹೊಳೆ ಕಾಡು ರಾಷ್ಟ್ರೀಯ ಉದ್ಯಾನವಾದ ಮೇಲೆ ಬಿದಿರು ಕಡಿದರೂ ಹುಲ್ಲು ಕೊಯ್ದರೂ ಅಪರಾಧವಾಯಿತು. ಕಟ್ಟುವ ಸಾಮಾನನ್ನು ಕಿತ್ತುಕೊಂಡು, ಟಾರ್ಪಾಲು ಹೊದ್ದ ಗುಡಿಸಲನ್ನು ತೋರಿಸಿ ‘ನೋಡಿ, ಇವರಿಗೆ ಮನೆ ಕಟ್ಟಲು ಬರುವುದಿಲ್ಲ’ ಎಂದರೆ ಅದು ವಿಮರ್ಶೆಯೇ ಅಲ್ಲ.

ಇಲ್ಲಿ ಒಂದು ದೂರದ ಊರನ್ನು ಎಳೆದು ತರುತ್ತೇನೆ. ಉತ್ತರ ಅಟ್ಲಾಂಟಿಕ್ ಸಮುದ್ರದ ಫ್ಯಾರೋ ದ್ವೀಪಗಳು: 18 ದ್ವೀಪ, ಸುಮಾರು 54 ಸಾವಿರ ಜನ, ಅಂದರೆ ನಮ್ಮ ಒಂದು ತಾಲ್ಲೂಕಿನಷ್ಟೂ ಇಲ್ಲ. ಮರ ಅಪರೂಪ, ಗಾಳಿ ಧಾರಾಳ. ಅವರ ಹಳೆಯ ಮನೆಗೆ ಹಲಗೆಯ ಗೋಡೆ, ಮಾಡಿನ ಹಲಗೆಯ ಮೇಲೆ ಬರ್ಚ್ ಮರದ ತೊಗಟೆ, ತೊಗಟೆಯ ಮೇಲೆ ಬೇರುಸಹಿತ ಕಿತ್ತು ತಂದ ಹುಲ್ಲಿನ ಹೆಂಟೆ. ತೊಗಟೆ ನೀರು ತಡೆಯುತ್ತದೆ, ಹೆಂಟೆಯ ಭಾರ ತೊಗಟೆಯನ್ನು ಗಾಳಿಗೆ ಹಾರದಂತೆ ಹಿಡಿಯುತ್ತದೆ. ಒಳಗೆ ನಡುಮನೆಯೇ ‘ಹೊಗೆಕೋಣೆ’: ನಡುವೆ ಒಲೆ, ಮಾಡಿನಲ್ಲಿ ಹೊಗೆಗೊಂದು ಕಂಡಿ. ನಮ್ಮ ಹಾಡಿಯವರನ್ನು ಅಲ್ಲಿ ಕೂರಿಸಿದರೆ ಚಳಿಗೆ ಬೈದುಕೊಂಡಾರು, ಮನೆಯ ಲೆಕ್ಕಾಚಾರ ಮಾತ್ರ ತಕ್ಷಣ ಅರ್ಥವಾದೀತು.

ನನಗೆ ಮುಖ್ಯ ಅನ್ನಿಸಿದ್ದು ಆ ಹುಲ್ಲು ಮುಂದೆ ನಡೆದ ದಾರಿ. ರಾಜಧಾನಿ ತೋರ್ಸ್‌ಹಾವ್ನ್‌ನಲ್ಲಿ ತಿಂಗಾನೆಸ್ ಎಂಬ ಹಳೆಯ ನೆಲೆಯಿದೆ. ಅಲ್ಲಿನ ಕೆಂಪು ಹಲಗೆಯ, ಹುಲ್ಲು ಮಾಡಿನ ಕಟ್ಟಡಗಳಲ್ಲಿ ಇವತ್ತಿಗೂ ಸರ್ಕಾರದ ಕಚೇರಿಗಳಿವೆ. ಮಂತ್ರಿಗಳೇ ಹುಲ್ಲಿನ ಕೆಳಗೆ ಕೂತು ರುಜು ಹಾಕುವ ನಾಡು ಅದು. 1983ರಲ್ಲಿ ಅದೇ ಊರಿನಲ್ಲಿ ‘ನಾರ್ಡಿಕ್ ಹೌಸ್’ ಎಂಬ ಸಂಸ್ಕೃತಿ ಭವನ ಎದ್ದಿತು. ವಿನ್ಯಾಸ ಮಾಡಿದವರು ಹೊರಗಿನವರೇ: ನಾರ್ವೆಯ ಓಲಾ ಸ್ಟೀನ್, ಐಸ್‌ಲ್ಯಾಂಡಿನ ಕೋಲ್‌ಬ್ರುನ್ ರಾಗ್ನಾರ್ಸ್‌ದೊತ್ತಿರ್. ಗಾಜು, ಉಕ್ಕು ಎಲ್ಲ ಇದೆ. ಮೇಲೆ ಹುಲ್ಲೂ ಇದೆ. ಗೋಷ್ಠಿ, ಸಂಗೀತ, ನಾಟಕ ಅಲ್ಲೇ. 2018ರಲ್ಲಿ ಹೆನ್ನಿಂಗ್ ಲಾರ್ಸೆನ್ ಸಂಸ್ಥೆ ನೋರ್ದ್ರಗೋತಾ ಎಂಬ ಸಣ್ಣ ಊರಿನಲ್ಲಿ ಹೊಳೆಯ ಮೇಲೆ ಸೇತುವೆಯಂತೆ ಕಟ್ಟಿದ ಪುರಭವನಕ್ಕೂ ಹುಲ್ಲಿನದೇ ಹೊದಿಕೆ. ಕೊಟ್ಟಿಗೆಯ ಮೇಲಿದ್ದದ್ದು ಕಚೇರಿಯ ಮೇಲೆ ಬಂತು. ದಾರಿಯುದ್ದಕ್ಕೂ ಹುಲ್ಲು ಆ ಜನರ ಕೈಬಿಡಲಿಲ್ಲ.

ನಮ್ಮಲ್ಲಿ ಹುಲ್ಲು ಹಾಡಿಯಿಂದ ನೇರ ರೆಸಾರ್ಟಿಗೆ ಜಿಗಿಯಿತು. ನಡುವೆ ಎಲ್ಲೂ ನಿಲ್ಲಲಿಲ್ಲ: ಶಾಲೆಯ ಮೇಲಿಲ್ಲ, ಅಂಗನವಾಡಿಯ ಮೇಲಿಲ್ಲ, ಪಂಚಾಯಿತಿ ಕಚೇರಿಯ ಮೇಲಂತೂ ಕೇಳಲೇಬೇಡಿ.

ಬೀಚನಹಳ್ಳಿಯ ಕಬಿನಿ ಅಣೆಕಟ್ಟು 1974ರಲ್ಲಿ ಮುಗಿಯಿತು, 22 ಹಳ್ಳಿ ನೀರಿನ ಪಾಲಾದವು. ಆ ಹಿನ್ನೀರೇ ಈಗ ರೆಸಾರ್ಟುಗಳ ಬಂಡವಾಳ. ಕಾರಾಪುರದ ಕಬಿನಿ ರಿವರ್ ಲಾಡ್ಜ್ ಇದೆಯಲ್ಲ, ಮಹಾರಾಜರ ಕಾಲದ ಬೇಟೆ ಬಂಗಲೆಯನ್ನು ಸರ್ಕಾರದ ಜಂಗಲ್ ಲಾಡ್ಜಸ್ ನಡೆಸುತ್ತಿರುವುದು, ಅದರ ಬಗ್ಗೆ ನನಗೆ ತಕರಾರು ಕಡಿಮೆ. ಅದು ಬಂಗಲೆ, ಬಂಗಲೆಯೆಂದೇ ಹೇಳಿಕೊಳ್ಳುತ್ತದೆ. ಪ್ರಶ್ನೆ ಏಳುವುದು ಬೀರಂಬಳ್ಳಿಯ ದಂಡೆಯ ಎವಾಲ್ವ್ ಬ್ಯಾಕ್ ಮುಂದೆ. ಮೊದಲು ಆರೆಂಜ್ ಕೌಂಟಿ ಎಂದಿದ್ದ ಈ ರೆಸಾರ್ಟು ಇಲ್ಲಿನ ಆದಿವಾಸಿಗಳಾದ ಕಾಡುಕುರುಬರ ಹಾಡಿಯೇ ತನ್ನ ಸ್ಫೂರ್ತಿ ಎಂದು ಬಹಿರಂಗವಾಗಿ ಹೇಳುತ್ತದೆ. ಕಣ್ಣಿಗೆ ಅದು ಸೊಗಸೇ, ಸುಳ್ಳು ಹೇಳಬಾರದು. ತಗ್ಗಿದ ಹುಲ್ಲುಮಾಡು, ಮಣ್ಣುಬಣ್ಣದ ಗೋಡೆ. ಎಲ್ಲೆಲ್ಲೋ ಎದ್ದು ನಿಂತ ಕಾಂಕ್ರೀಟು ಪೆಟ್ಟಿಗೆಗಳಿಗಿಂತ ನೂರು ಪಾಲು ಮೇಲು. ಆದರೆ ಬಾಗಿಲು ತೆರೆದರೆ ಕೆಲವು ಗುಡಿಸಲಿನೊಳಗೆ ಜಕೂಝಿ, ಕೆಲವಕ್ಕೆ ಸ್ವಂತದ ಈಜುಕೊಳ. ಒಲೆ ಇಲ್ಲ. ಒಲೆಯಿಲ್ಲದ ಮೇಲೆ ಹೊಗೆಯಿಲ್ಲ, ಹೊಗೆಯಿಲ್ಲದ ಮೇಲೆ ಹುಲ್ಲಿಗೂ ಒಳಗಿನ ಬದುಕಿಗೂ ಇದ್ದ ನಂಟು ಕಡಿಯಿತು. ಹುಲ್ಲು ಅಲ್ಲಿ ಮನೆಯ ಕೆಲಸ ಮಾಡುತ್ತಿಲ್ಲ, ವೇಷದ ಕೆಲಸ ಮಾಡುತ್ತಿದೆ. ಇನ್ನೂ ಒಂದು ಮಾತು: ಹಾಡಿ ಎಂದರೆ ಗುಡಿಸಲುಗಳ ಗುಂಪು, ನಡುವೆ ಎಲ್ಲರ ಅಂಗಳ. ರೆಸಾರ್ಟು ಮಾರುವುದು ಏಕಾಂತವನ್ನು. ಹಾಡಿಯ ಮಾಡು ತಂದವರು ಹಾಡಿಯ ಅಂಗಳವನ್ನು ಬಿಟ್ಟು ಬಂದರು.

ಕಾಡೊಳಗೇ ಹೋಟೆಲು ಮಾಡುವ ಯತ್ನವೂ ನಡೆದಿತ್ತು. ನಾಗರಹೊಳೆಯ ಮೂರ್ಕಲ್ಲಿನಲ್ಲಿ ತಾಜ್ ಗುಂಪು 1990ರ ದಶಕದಲ್ಲಿ ಅರಣ್ಯ ಇಲಾಖೆಯಿಂದ ಕಟ್ಟಡ ಗುತ್ತಿಗೆ ಪಡೆದು ವಸತಿಗೃಹ ಎಬ್ಬಿಸಲು ಹೊರಟಾಗ ಆದಿವಾಸಿಗಳೇ ಎದುರು ನಿಂತರು; 1997ರಲ್ಲಿ ಹೈಕೋರ್ಟು ಅದನ್ನು ತಡೆಯಿತು. ಒಲೆ ಹೊತ್ತಿಸಲು ಸೌದೆ ಆಯ್ದವರನ್ನು ಹೊರಗೆ ಕಳಿಸಬೇಕೆಂದಿದ್ದ ಕಾಡು ಅದೇ.

ಆ ಕಾಡಿನಿಂದ ಹೊರಗೆ ಬಂದ ಹಾಡಿಯವರಿಗೆ ಸಿಕ್ಕಿದ ಮನೆ ಹೇಗಿದೆ? ಹುಣಸೂರು ತಾಲ್ಲೂಕಿನ ನಾಗಾಪುರದ ಪುನರ್ವಸತಿ ಕೇಂದ್ರಕ್ಕೆ ಹೋಗಿ ನೋಡಿ. ಗೆರೆ ಎಳೆದಂತೆ ಸಾಲು, ಸಾಲಿನಲ್ಲಿ ಒಂದೇ ಅಚ್ಚಿನ ಮನೆ. ಅಣ್ಣನ ಮನೆ ಈ ಸಾಲಿಗೆ ಬಿದ್ದರೆ ತಮ್ಮನದು ಆ ಸಾಲಿಗೆ. ಹಾಡಿಯಲ್ಲಿ ಅಂಗಳಕ್ಕೆ ಮುಖಮಾಡಿ ಕೂತಿದ್ದವರು ಇಲ್ಲಿ ಎದುರು ಸಾಲಿನವರ ಬೆನ್ನು ನೋಡುತ್ತಾರೆ. ಹುಣಸೂರಿನ ಮಗ ದೇವರಾಜ ಅರಸರು ಎಪ್ಪತ್ತರ ದಶಕದಲ್ಲಿ ಮುಖ್ಯಮಂತ್ರಿಯಾಗಿ ‘ಜನತಾ ಮನೆ’ ಕಟ್ಟಿಸಿದಾಗ ಸೂರಿಲ್ಲದವನಿಗೆ ಸೂರು ಎಂಬುದೇ ದೊಡ್ಡ ಮಾತಾಗಿತ್ತು, ಅದನ್ನು ಹಗುರ ಮಾಡಲಾರೆ. ಆದರೆ ಆಮೇಲೆ ಎಷ್ಟು ಯೋಜನೆ ಬಂದರೂ ಮನೆಯ ಕಲ್ಪನೆ ಮಾತ್ರ ಅಲ್ಲಿಗೇ ನಿಂತಿತು: ಹಾಲ್, ಅಡುಗೆಮನೆ, ತಾರಸಿ, ಬಿಲ್ಲು. 2023ರ ನವೆಂಬರಿನಲ್ಲಿ ಅತಿ ದುರ್ಬಲ ಬುಡಕಟ್ಟುಗಳಿಗೆಂದು ಶುರುವಾದ ಪಿಎಂ ಜನ್‌ಮನ್ ಯೋಜನೆಯಲ್ಲಿ ಮನೆಯೊಂದಕ್ಕೆ ಗೊತ್ತುಮಾಡಿದ್ದು 2.39 ಲಕ್ಷ ರೂಪಾಯಿ. ಕರ್ನಾಟಕದಲ್ಲಿ ಅದಕ್ಕೆ ಸೇರುವವರು ಜೇನುಕುರುಬರು ಮತ್ತು ಕೊರಗರು. ದುಡ್ಡು ಸಾಲದು ಎನ್ನುವವರಿದ್ದಾರೆ. ನನ್ನ ಸಂಕಟ ದುಡ್ಡಿನದಲ್ಲ. ‘ಗುಡಿಸಲು ಮುಕ್ತ’ ಎಂಬ ಸರ್ಕಾರದ ಘೋಷಣೆಯಲ್ಲಿ ಗುಡಿಸಲು ರೋಗದ ಹೆಸರಾಗಿಬಿಟ್ಟಿದೆ. ರೋಗವೆಂದ ಮೇಲೆ ಅದರಿಂದ ಕಲಿಯುವುದೇನು? ಸಾಲಿನ ಬದಲು ಗುಂಪು, ಬಿಸಿಲಿಗೆ ಕಾಯದ ಮಾಡು, ಇಳಿಬಿಟ್ಟ ಸೂರು, ಹೊಗೆಗೊಂದು ದಾರಿ: ಸಿಮೆಂಟಿನಲ್ಲೂ ಇವೆಲ್ಲ ಸಾಧ್ಯವಿತ್ತು.

ಹೊಗೆಗೆ ದಾರಿ ಮಾಡುವುದು ಈ ಸೀಮೆಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ನಿಂತಿರುವ ಹೊಗೆಸೊಪ್ಪಿನ ಬ್ಯಾರನ್ನುಗಳನ್ನು ನೋಡಿ. ಒಲೆಯ ಬಾಯಿ ಹೊರಗೆ, ಶಾಖ ಒಳಗೆ ಕೊಳವೆಯಲ್ಲಿ ಸುತ್ತಿ ಬರುತ್ತದೆ, ಹೊಗೆ ಸೊಪ್ಪಿಗೆ ಸೋಕದೆ ಆಚೆ ಹೋಗುತ್ತದೆ. ವಾಸ್ತುಶಿಲ್ಪವೆಂದು ಯಾರೂ ಕರೆಯದ ಈ ಕಿಟಕಿಯಿಲ್ಲದ ಎತ್ತರದ ಕೋಣೆಯಲ್ಲಿ ಒಂದು ಅಡಿಯೂ ಶೋಕಿಗೆ ಹೋಗಿಲ್ಲ. ಸೊಪ್ಪಿಗೆ ಸಿಕ್ಕಿದ ಈ ಮುತುವರ್ಜಿ ಪುನರ್ವಸತಿ ಕಾಲೊನಿಯ ಅಡುಗೆಮನೆಗೆ ಸಿಗಲಿಲ್ಲ.

ಕಾಲೊನಿಗಳಲ್ಲಿ ಹಿತ್ತಿಲ ಕಡೆ ಒಂದು ಸುತ್ತು ಹಾಕಬೇಕು. ಅಲ್ಲಿ ಸಿಮೆಂಟು ಮನೆಗೆ ಒರಗಿಕೊಂಡು ನಾಲ್ಕು ಕವೆಗಂಬದ ಒಂದು ಮಾಡು ಎದ್ದಿರುತ್ತದೆ: ಅರ್ಧ ತಡಿಕೆ, ಅರ್ಧ ತಗಡು, ಮೇಲೆ ಸಿಕ್ಕಷ್ಟು ಹುಲ್ಲು. ಅಡುಗೆ ಅಲ್ಲಿ, ಮಾತು ಅಲ್ಲಿ, ಮುದುಕರ ನಿದ್ದೆಯೂ ಅಲ್ಲೇ. ಮಂಜೂರಾದ ಮನೆಯೊಳಗೆ ಅಕ್ಕಿ ಮೂಟೆ, ಟಿವಿ, ಬೀಗ. ಇದನ್ನು ನೋಡಿದ ಅಧಿಕಾರಿಗಳು ‘ಕೊಟ್ಟ ಮನೆ ಬಳಸುವುದಿಲ್ಲ ಇವರು’ ಎನ್ನುತ್ತಾರೆ. ಆ ಮಾಡನ್ನು ಮಾತ್ರ ಯಾವ ಎಂಜಿನಿಯರೂ ಅಳತೆ ಪಟ್ಟಿ ಹಿಡಿದು ಅಳೆದದ್ದನ್ನು ನಾನು ಕಂಡಿಲ್ಲ. ಸಂಜೆ ಅದರ ಹುಲ್ಲಿನ ಸಂದಿನಲ್ಲಿ ಹೊಗೆ ಎದ್ದು, ಪಕ್ಕದ ತಾರಸಿಯ ಮೇಲೆ ಹಾದು ಹೋಗುತ್ತಿರುತ್ತದೆ.